ಹಿಂಬದಿಯ ಸವಾರ

ಯಾರಿಗೋ ರಸ್ತೆ ಅಪಘಾತವಾಯಿತೆಂಬ ಸುದ್ದಿ ಭಾನುವಾರದ ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಹಬ್ಬಿದಾಗ ಜನ ಕೇಳುವ ಪ್ರಶ್ನೆಗಳು ಎರಡು. ಗಾಡಿ ಓಡಿಸುತ್ತಿದ್ದವರು ಯಾರು? ಪೆಟ್ಟಾದದ್ದು ಯಾರಿಗೆ? ಎರಡು ಪ್ರಶ್ನೆಗೂ ಒಂದೇ ಹೆಸರು ಉತ್ತರವಾಗಿ ಬಂದರೆ "ಅಯ್ಯೋ ಪಾಪ" ಎಂಬ ಉದ್ಗಾರದೊಂದಿಗೆ ಮಾತು ಮುಗಿಯುತ್ತದೆ. ಉತ್ತರಗಳು ಬೇರೆ ಬೇರೆಯಾದರೆ ಮಾತ್ರ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ಆ ಮೌನವನ್ನು ನೀವೂ ಕೇಳಿರುತ್ತೀರಿ. ನಾನಂತೂ ಅದರೊಳಗೇ ಕೆಲವು ತಿಂಗಳು ಬದುಕಿದ್ದೇನೆ. ಗಾಡಿ ಓಡಿಸುತ್ತಿದ್ದವನು ನಾನು. ಹೆಚ್ಚು ಪೆಟ್ಟಾದದ್ದು ನನ್ನ ಹಿಂದೆ ಕುಳಿತಿದ್ದ ಗೆಳೆಯನಿಗೆ.

2017ರ ಜನವರಿ. ಕಬ್ಬು ಕಡಿಯುವ ಕಾಲ. ಮಂಡ್ಯ ಸೀಮೆಯ ರಸ್ತೆಗಳಲ್ಲಿ ಆ ದಿನಗಳಲ್ಲಿ ಸಂಜೆಯಾದ ಮೇಲೆ ಓಡಾಡಿದವರಿಗೆ ಹೇಳಬೇಕಾದ್ದಿಲ್ಲ: ಎತ್ತರಕ್ಕೆ ಕಬ್ಬು ಹೇರಿಕೊಂಡ ಟ್ರಾಕ್ಟರುಗಳು, ಅವುಗಳ ಹಿಂದೆ ಒಂದರ ಬೆನ್ನಿಗೊಂದು ಟ್ರೇಲರುಗಳು, ಹಿಂಭಾಗದಲ್ಲಿ ಒಂದು ಕೆಂಪು ದೀಪವಾದರೂ ಇದ್ದರೆ ಪುಣ್ಯ. ಮಳವಳ್ಳಿಯಲ್ಲಿ ಗಾರೆ ಕೆಲಸ ಮುಗಿಸಿದ ಗೆಳೆಯನನ್ನು ಹತ್ತಿಸಿಕೊಂಡು ನಾನು ಮದ್ದೂರಿನ ಕಡೆಗೆ ಬರುತ್ತಿದ್ದೆ. ಅಂದು ಅವನ ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ. ಆಕೆ ನೃತ್ಯದಲ್ಲಿದ್ದಳು. ನಾನು ಅದೇ ಶಾಲೆಯ ಮೇಷ್ಟರು, ವೇದಿಕೆಯ ಹೊಣೆ ನನ್ನದು. ನನಗೆ ತಡವಾಗಿತ್ತು. ಮುಂದಿದ್ದ ಬಸ್ಸನ್ನು ದಾಟಿ ಎಡಕ್ಕೆ ಸರಿಯುವಷ್ಟರಲ್ಲಿ ಕತ್ತಲೆಯೊಳಗಿಂದ ಕಬ್ಬಿನ ಗೋಡೆಯೊಂದು ಎದ್ದು ಬಂದಂತಾಯಿತು. ಮುಂದಿನದು ನನಗೆ ತುಣುಕು ತುಣುಕಾಗಿ ಮಾತ್ರ ನೆನಪಿದೆ. ನನ್ನ ತಲೆಯಲ್ಲಿ ಹೆಲ್ಮೆಟ್ ಇತ್ತು. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕೆಂದು ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದಲೇ ಬಿಗಿ ಮಾಡಿದ್ದರು. ಎರಡನೆಯ ಹೆಲ್ಮೆಟ್ ಮನೆಯ ಮೊಳೆಗೆ ತೂಗುತ್ತಿತ್ತು. ತಲೆ ಉಳಿದದ್ದು ಅವನ ಅದೃಷ್ಟ, ನನ್ನ ಮುಂದಾಲೋಚನೆಯಲ್ಲ.

ಆ ಟ್ರಾಕ್ಟರಿನ ಚಾಲಕ ಓಡಿಹೋಗಲಿಲ್ಲ. ಇಳಿದು ಬಂದು, ದಾರಿಯಲ್ಲಿ ಹೋಗುತ್ತಿದ್ದ ಆಟೋ ನಿಲ್ಲಿಸಿ, ನಮ್ಮಿಬ್ಬರನ್ನೂ ಎತ್ತಿ ಮಲಗಿಸಿ, ಆಸ್ಪತ್ರೆಯ ಬಾಗಿಲಿನವರೆಗೂ ಜೊತೆಗೆ ಬಂದ. ಅವನ ಅಂಗಿಯ ತೋಳು ರಕ್ತದಲ್ಲಿ ನೆನೆದಿತ್ತು. ಮರುದಿನ ಪೊಲೀಸರು ಬಂದು ಹೇಗಾಯಿತೆಂದು ಕೇಳಿದಾಗ ನಾನು ಹೇಳಿದ್ದು ಒಂದೇ ಮಾತು: "ಟ್ರೇಲರಿಗೆ ದೀಪ ಇರಲಿಲ್ಲ."

ಅದು ಸುಳ್ಳಲ್ಲ, ಓದುಗರೇ. ದೀಪ ಇರಲಿಲ್ಲ. ಆದರೆ ಆ ಮಾತಿನಲ್ಲಿ ನಾನು ಹೇಳದೆ ಬಿಟ್ಟ ಇನ್ನೊಂದು ಸಂಗತಿಯಿತ್ತು. ಬಸ್ಸನ್ನು ದಾಟುವ ಮೊದಲು ಗೆಳೆಯ ನನ್ನ ಬಲಭುಜವನ್ನು ಎರಡು ಸಲ ತಟ್ಟಿದ್ದ. ಬೈಕಿನಲ್ಲಿ ಹಿಂದೆ ಕುಳಿತವನಿಗೆ ಇರುವ ಭಾಷೆ ಅದೊಂದೇ. ಗಾಳಿಯಲ್ಲಿ ಮಾತು ಕೇಳುವುದಿಲ್ಲ. 'ನಿಧಾನ' ಎಂದು ಅದರ ಅರ್ಥ. ನಮ್ಮಿಬ್ಬರಿಗೂ ಅದು ಗೊತ್ತು. ನಾನು ಅದನ್ನು ತಿಳಿದೂ ಗಾಡಿಯ ವೇಗ ಹೆಚ್ಚಿಸಿದೆ.

ನನ್ನ ತೊಡೆಯ ಮೂಳೆ ಮುರಿದಿತ್ತು. ಅವನ ಮೊಣಕಾಲಿನ ಕೆಳಗಿನ ಮೂಳೆ ಮುರಿದು ಚರ್ಮವನ್ನು ಸೀಳಿಕೊಂಡು ಹೊರಬಂದಿತ್ತು. ತೊಡೆಯ ಮೂಳೆ ದೇಹದಲ್ಲೇ ದೊಡ್ಡದು, ಬಲವಾದದ್ದು. ಅದು ಮುರಿಯಿತೆಂದರೆ ಕೇಳಿದವರು ಬೆಚ್ಚಿಬೀಳುತ್ತಾರೆ. ಆದರೆ ಗುಣವಾಗುವ ವಿಷಯದಲ್ಲಿ ಲೆಕ್ಕಾಚಾರ ತಿರುವುಮುರುವು. ತೊಡೆಯ ಮೂಳೆಯ ಸುತ್ತ ದಪ್ಪ ಸ್ನಾಯುಗಳ ಹೊದಿಕೆಯಿದೆ. ಅವುಗಳ ಮೂಲಕ ರಕ್ತ ಧಾರಾಳವಾಗಿ ಹರಿಯುತ್ತದೆ. ಮೊಣಕಾಲಿನ ಕೆಳಗೆ ಮುಂಭಾಗವನ್ನು ಬೆರಳಿನಿಂದ ಒತ್ತಿ ನೋಡಿ, ಚರ್ಮದ ಕೆಳಗೇ ಮೂಳೆ ಸಿಗುತ್ತದೆ. ಕಾಪಾಡಲು ಅಲ್ಲಿ ಮಾಂಸವಿಲ್ಲ. ಮುರಿದರೆ ಹೊರಗೆ ಚುಚ್ಚಿ ಬರುವುದು ಸುಲಭ, ರಸ್ತೆಯ ಮಣ್ಣು ಒಳಸೇರುವುದು ಸುಲಭ, ರಕ್ತಸಂಚಾರ ಕಡಿಮೆಯಾದ್ದರಿಂದ ಕೂಡಿಕೊಳ್ಳುವುದು ನಿಧಾನ.

ನನಗೆ ಮೂಳೆಯ ಟೊಳ್ಳಿನೊಳಗೆ ಉದ್ದನೆಯ ಲೋಹದ ಸರಳೊಂದನ್ನು ಕೂರಿಸಿದರು. 1939ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಗೆರ್ಹಾರ್ಡ್ ಕುಂಟ್ಷರ್ ಎಂಬ ವೈದ್ಯ ಬಳಕೆಗೆ ತಂದ ವಿಧಾನವಿದು. ಅದಕ್ಕೆ ಮುಂಚೆ ತೊಡೆ ಮುರಿದವರು ಕಾಲಿಗೆ ತೂಕ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಮಂಚದಲ್ಲಿ ಮಲಗಿರಬೇಕಿತ್ತು. ನಾನಾದರೋ ಕೆಲವೇ ದಿನಗಳಲ್ಲಿ ವಾಕರ್ ಹಿಡಿದು ನಿಂತೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಅದು ಮೃದ್ವಸ್ಥಿಯಂಥ ಮೆತ್ತನೆಯ ಗಂಟಾಗುತ್ತದೆ, ಗಂಟು ಗಟ್ಟಿಯಾಗುತ್ತದೆ, ಆಮೇಲೆ ದೇಹ ಅದನ್ನು ಸಾವಕಾಶವಾಗಿ ತಿದ್ದಿ ತೀಡುತ್ತದೆ. ಚರ್ಮ ಗುಣವಾದರೂ ಗಾಯದ ಕಲೆ ಉಳಿಯುತ್ತದೆ. ಮೂಳೆ ಮಾತ್ರ ಕಲೆಯಿಂದಲ್ಲ, ಹೊಸ ಮೂಳೆಯಿಂದಲೇ ಕೂಡಿಕೊಳ್ಳುತ್ತದೆ. ಪ್ರತಿ ತಿಂಗಳ ಎಕ್ಸ್-ರೇಯಲ್ಲಿ ವೈದ್ಯರು ಬಿಳಿಯ ಮೋಡದಂಥ ಆ ಗಂಟನ್ನು ತೋರಿಸಿ ಮೆಚ್ಚುಗೆಯಿಂದ ತಲೆಯಾಡಿಸುತ್ತಿದ್ದರು. ಮೇ ತಿಂಗಳ ಕೊನೆಗೆ ನಾನು ಕೋಲಿಲ್ಲದೆ ನಡೆಯುತ್ತಿದ್ದೆ.

ಅದೇ ಐದು ತಿಂಗಳಲ್ಲಿ ಗೆಳೆಯನಿಗೆ ಮೂರು ಶಸ್ತ್ರಚಿಕಿತ್ಸೆಗಳಾದವು. ಗಾಯದಲ್ಲಿ ಸೋಂಕು ಹತ್ತಿತು. ಕೀವು ನಿಲ್ಲಲಿಲ್ಲ. ಮೂಳೆಯ ಒಂದು ಭಾಗ ಸತ್ತಿತ್ತು.

ಇಲ್ಲಿಂದ ಮುಂದಿನದನ್ನು ಬರೆಯುವುದು ನನಗೆ ಸುಲಭವಲ್ಲ. ನಾನು ಚೇತರಿಸಿಕೊಳ್ಳುತ್ತಿದ್ದೇನೆಂಬುದೇ ನನಗೆ ನಾಚಿಕೆಯ ವಿಷಯವಾಯಿತು. ಮಹಡಿ ಹತ್ತಿದ ದಿನ ಮನೆಯವರು ಸಂತೋಷಪಟ್ಟರು. ನನಗೆ ಕಳ್ಳತನ ಮಾಡಿದಂತೆನಿಸಿತು. ಜೂನ್‌ನಲ್ಲಿ ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು. ಪ್ರತಿ ಶನಿವಾರ ಅವನ ಮನೆಗೆ ಹೋಗುವಾಗ ನಾನು ಊರುಗೋಲು ಹಿಡಿದೇ ಹೋಗುತ್ತಿದ್ದೆ. ಅದರ ಅಗತ್ಯ ನನಗಿರಲಿಲ್ಲ. ಅವನ ಓಣಿಯ ತಿರುವಿನವರೆಗೆ ಕಂಕುಳಲ್ಲಿ ಇರುಕಿಕೊಂಡು ನಡೆದು, ತಿರುವಿನಲ್ಲಿ ಕೆಳಗೂರಿ, ಕುಂಟುತ್ತಾ ಒಳಗೆ ಹೋಗುತ್ತಿದ್ದೆ. ಅವನಿಗೆ ನೋವಾಗದಿರಲೆಂದು ಹೀಗೆ ಮಾಡುತ್ತೇನೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ನೀವಾಗಿದ್ದರೂ ಹಾಗೆಯೇ ನಂಬುತ್ತಿದ್ದಿರೇನೋ.

ಮೂರನೆಯ ಶನಿವಾರ ಅವನು ಮಂಚದಲ್ಲಿ ಮಲಗಿದ್ದಲ್ಲಿಂದಲೇ ನನ್ನ ಊರುಗೋಲಿನ ತುದಿಯನ್ನು ನೋಡಿದ. "ಓಣಿ ತುಂಬ ಕೆಸರು. ನಿಮ್ಮ ಕೋಲಿಗೆ ಮಾತ್ರ ಮೆತ್ತೇ ಇಲ್ಲವಲ್ಲ, ಮೇಷ್ಟ್ರೇ" ಎಂದ. ಅವನು ಗಾರೆಯವನು. ಮಣ್ಣು ಎಲ್ಲಿ ಅಂಟುತ್ತದೆ, ಎಲ್ಲಿ ಅಂಟುವುದಿಲ್ಲ ಎಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಕೋಪ ಮಾಡಿಕೊಳ್ಳಲಿಲ್ಲ. ಕಾಫಿ ಕೊಡಲು ಹೆಂಡತಿಗೆ ಹೇಳಿದ. ನಾನು ಆ ಕಾಫಿ ಕುಡಿದ ಬಗೆ ನನಗೊಬ್ಬನಿಗೇ ಗೊತ್ತು.

ಗುಣವಾಗುವುದು ತಪ್ಪೇ? ಒಂದೇ ಗಾಡಿಯಿಂದ ಬಿದ್ದ ಇಬ್ಬರಲ್ಲಿ ಬೀಳಿಸಿದವನು ಎದ್ದು ನಡೆದರೆ ಅವನು ಮತ್ತೊಬ್ಬನಿಗೆ ಏನನ್ನು ಕೊಡಬೇಕು? ಎಷ್ಟು ಕಾಲ ಕೊಡಬೇಕು? ಇದು ಇಂದಿನ ಪ್ರಶ್ನೆಯಲ್ಲ. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಈ ಬಗ್ಗೆ ಒಂದು ಕಟ್ಟಳೆಯಿದೆ. ನಾವು ಸಾಮಾನ್ಯವಾಗಿ ಓದದೆ ದಾಟಿಬಿಡುವ ಪುಟ ಅದು. ಇಬ್ಬರು ಜಗಳವಾಡಿ, ಒಬ್ಬನ ಪೆಟ್ಟಿನಿಂದ ಇನ್ನೊಬ್ಬ ಸಾಯದೆ ಹಾಸಿಗೆ ಹಿಡಿದನೆನ್ನಿ. ಹಾಸಿಗೆ ಹಿಡಿದವನು ಮುಂದೆ ಎದ್ದು ಕೋಲೂರಿಕೊಂಡಾದರೂ ಹೊರಗೆ ತಿರುಗಾಡುವಂತಾದರೆ ಹೊಡೆದವನು ಶಿಕ್ಷೆಯಿಂದ ಪಾರು. ಆದರೆ ಕೆಲಸವಿಲ್ಲದೆ ಕಳೆದ ದಿನಗಳ ನಷ್ಟವನ್ನು ಅವನು ತುಂಬಿಕೊಡಬೇಕು; ಪೆಟ್ಟು ತಿಂದವನು ಪೂರ್ತಿ ಗುಣವಾಗುವಂತೆ ನೋಡಿಕೊಳ್ಳಬೇಕು. ನಮ್ಮದು ಜಗಳವಲ್ಲ, ನಿಜ. ಆದರೂ ಆ ಪ್ರಾಚೀನ ಕಟ್ಟಳೆಯ ಕಣ್ಣು ಎಷ್ಟು ಸೂಕ್ಷ್ಮವೆಂದು ನಾನು ಬೆರಗಾದೆ. ಊರುಗೋಲನ್ನು ಅದು ಕಂಡಿದೆ. ಕೂಲಿ ಕಳೆದ ದಿನಗಳನ್ನು ಎಣಿಸಿದೆ. ಹೊಡೆದವನ ಪಶ್ಚಾತ್ತಾಪದ ಬಗ್ಗೆ ಮಾತ್ರ ಅಲ್ಲಿ ಒಂದು ಮಾತೂ ಇಲ್ಲ.

ಕಳೆದ ದಿನಗಳ ಲೆಕ್ಕ ನಮ್ಮಿಬ್ಬರದು ಒಂದೇ ಆಗಿರಲಿಲ್ಲ. ನನಗೆ ರಜೆಯಿತ್ತು, ರಜೆಯ ಸಂಬಳವಿತ್ತು. ಅವನಿಗೆ ಕೆಲಸವಿಲ್ಲದ ದಿನ ಕೂಲಿಯಿಲ್ಲದ ದಿನ. ಬೈಕಿಗೆ ನಾನು ಮಾಡಿಸಿದ್ದು ಕಾಯಿದೆಗೆ ಸಾಕಾಗುವಷ್ಟೇ, ಅತಿ ಕಡಿಮೆ ಕಂತಿನ ವಿಮೆ. ಅಂಥ ವಿಮೆಯಲ್ಲಿ ಹಿಂದೆ ಕುಳಿತವನಿಗೆ ಪರಿಹಾರ ಕೊಡುವ ಹೊಣೆ ಕಂಪನಿಗಿಲ್ಲವೆಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ನನಗದು ಗೊತ್ತಾದದ್ದು ಆಸ್ಪತ್ರೆಯ ಬಿಲ್ಲು ಬಂದ ಮೇಲೆ. ಟ್ರಾಕ್ಟರಿಗಂತೂ ವಿಮೆಯೇ ಇರಲಿಲ್ಲ. ಈ ಪತ್ರಿಕೆಯನ್ನು ಕೆಳಗಿಟ್ಟ ಮೇಲೆ ನಿಮ್ಮ ಮನೆಯ ಗಾಡಿಯ ವಿಮಾಪತ್ರವನ್ನು ಒಮ್ಮೆ ತೆಗೆದು, ಹಿಂದೆ ಕೂರುವವರ ಹೆಸರಿನಲ್ಲಿ ಅದರಲ್ಲಿ ಏನಿದೆಯೆಂದು ನೋಡಿ. ಇದನ್ನು ತತ್ತ್ವಚಿಂತನೆಯೆಂದಲ್ಲ, ಅನುಭವದ ಮಾತೆಂದು ಹೇಳುತ್ತಿದ್ದೇನೆ. ಖರ್ಚನ್ನು ನಾನು ಭರಿಸಿದೆ. ಸಾಲ ಮಾಡಿದೆ, ಸ್ವಲ್ಪ ಜಮೀನು ಮಾರಿದೆ. ಕಳೆದ ಕೂಲಿಯನ್ನೂ ಕೊಟ್ಟೆ. ಅವನು ಅದನ್ನು ಸಂಕೋಚವಿಲ್ಲದೆ ತೆಗೆದುಕೊಂಡ. ತೆಗೆದುಕೊಳ್ಳಬೇಕಾದ್ದೇ. ಕೊಡುತ್ತ ನನಗೆ ಸ್ವಲ್ಪ ಹಗುರವಾಯಿತು. ಕೊಟ್ಟು ಮುಗಿದ ಮೇಲೆ ಹಗುರವಾಗಿ ಉಳಿಯಲಿಲ್ಲ.

ಜುಲೈನಲ್ಲಿ ಸತ್ತ ಮೂಳೆಯನ್ನು ತೆಗೆದುಹಾಕಿದರು. ಐದು ಸೆಂಟಿಮೀಟರ್ ಖಾಲಿ ಜಾಗ ಉಳಿಯಿತು. ಅದನ್ನು ತುಂಬಲು ಅವನ ಕಾಲಿಗೆ ಉಕ್ಕಿನ ಬಳೆಗಳ ಒಂದು ಚೌಕಟ್ಟು ಹಾಕಿದರು. ಸೈಕಲ್ ಚಕ್ರದ ಕಡ್ಡಿಗಳಂಥ ತಂತಿಗಳು ಮೂಳೆಯನ್ನು ಅಡ್ಡಲಾಗಿ ತೂರಿ ಆ ಬಳೆಗಳಿಗೆ ಬಿಗಿದಿರುತ್ತವೆ. ಇದನ್ನು 1950ರ ದಶಕದ ಆರಂಭದಲ್ಲಿ ರೂಪಿಸಿದವರು ಸೈಬೀರಿಯಾದ ಕುರ್ಗಾನ್‌ನ ವೈದ್ಯ ಗವ್ರಿಲ್ ಇಲಿಜಾರೊವ್. ಆರೋಗ್ಯವಿರುವ ಕಡೆ ಮೂಳೆಯನ್ನು ಹೊಸದಾಗಿ ಕತ್ತರಿಸಿ, ಒಂದು ವಾರ ಬಿಟ್ಟು, ಚೌಕಟ್ಟಿನ ನಟ್ಟುಗಳನ್ನು ತಿರುಗಿಸುತ್ತ ಆ ತುಂಡನ್ನು ದಿನಕ್ಕೆ ಒಂದು ಮಿಲಿಮೀಟರ್ ಸರಿಸುತ್ತ ಹೋಗುತ್ತಾರೆ. ಹಿಂದೆ ಬಿಟ್ಟ ಬಿರುಕಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಒಬ್ಬ ರೋಗಿ ನಟ್ಟನ್ನು ತಪ್ಪು ದಿಕ್ಕಿಗೆ ತಿರುಗಿಸಿಕೊಂಡು ಬಂದಾಗ, ಅಗಲವಾದ ಬಿರುಕಿನಲ್ಲಿ ಹೊಸ ಮೂಳೆ ಕಂಡು ಇಲಿಜಾರೊವ್‌ರಿಗೆ ಈ ಗುಟ್ಟು ಹೊಳೆಯಿತೆಂದು ಹೇಳುತ್ತಾರೆ. ದಿನದ ಒಂದು ಮಿಲಿಮೀಟರನ್ನು ನಾಲ್ಕು ಸಲಕ್ಕೆ ಹಂಚಬೇಕು. "ಕಾಲಿಗೆ ಸಲಕ್ಕೆ ಕಾಲು ಮಿಲಿಮೀಟರು" ಎಂದು ಗೆಳೆಯ ನಕ್ಕ. ಐದು ಸೆಂಟಿಮೀಟರೆಂದರೆ ಐವತ್ತು ದಿನ. ಅದಾದ ಮೇಲೆ ಹೊಸ ಮೂಳೆ ಗಟ್ಟಿಯಾಗಲು ಮತ್ತೆಷ್ಟೋ ತಿಂಗಳು.

ಇಲಿಜಾರೊವ್‌ರ ಬಗ್ಗೆ ಓದುತ್ತಿದ್ದಾಗ ನನಗೆ ಒಬ್ಬ ಕ್ರೀಡಾಪಟುವಿನ ಪರಿಚಯವಾಯಿತು. ಸೋವಿಯತ್ ಒಕ್ಕೂಟದ ಎತ್ತರ ಜಿಗಿತಗಾರ ವಲೇರಿ ಬ್ರುಮೆಲ್. 1963ರಲ್ಲಿ 2.28 ಮೀಟರ್ ಜಿಗಿದು ವಿಶ್ವದಾಖಲೆ ಮಾಡಿದವನು, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. 1965ರ ಅಕ್ಟೋಬರಿನಲ್ಲಿ ಮಾಸ್ಕೋದಲ್ಲಿ ಮೋಟಾರ್‌ಸೈಕಲ್ ಅಪಘಾತವಾಗಿ ಅವನ ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಚರ್ಮ ಸೀಳಿ ಹೊರಬಂತು. ಸೋಂಕು, ಒಂದರ ಮೇಲೊಂದು ಶಸ್ತ್ರಚಿಕಿತ್ಸೆ, ಕಾಲು ಗಿಡ್ಡವಾದದ್ದು, ಎಲ್ಲವೂ ನನ್ನ ಗೆಳೆಯನ ಕಥೆಯೇ. 1968ರಲ್ಲಿ ಅವನು ಕುರ್ಗಾನ್‌ಗೆ ಹೋದ. ಇಲಿಜಾರೊವ್ ಕಾಲನ್ನು ಸರಿಪಡಿಸಿದರು. ಬ್ರುಮೆಲ್ ಮತ್ತೆ ಎರಡು ಮೀಟರಿಗೂ ಮೀರಿ ಜಿಗಿದ. ಹಳೆಯ ಎತ್ತರ ಮಾತ್ರ ಮತ್ತೆ ಬರಲಿಲ್ಲ. ಇಷ್ಟನ್ನು ನಾನು ಗೆಳೆಯನಿಗೆ ಉತ್ಸಾಹದಿಂದ ಓದಿ ಹೇಳಿದೆ. ಹೇಳುವಾಗ ಒಂದು ವಿವರವನ್ನು ನುಂಗಿಕೊಂಡೆ: ಅಂದು ಬ್ರುಮೆಲ್ ಗಾಡಿ ಓಡಿಸುತ್ತಿರಲಿಲ್ಲ. ಅವನು ಹಿಂದೆ ಕುಳಿತಿದ್ದ. ಓಡಿಸುತ್ತಿದ್ದವಳು ಮೋಟಾರ್‌ಸೈಕಲ್ ಪಂದ್ಯಗಳ ಪರಿಣತೆಯೊಬ್ಬಳು. ಅವಳಿಗೆ ಅಂಥ ಪೆಟ್ಟಾಗಲಿಲ್ಲ. ಬ್ರುಮೆಲ್‌ನ ಕಥೆ ಹೇಳುವವರು ಅವಳಿಗೆ ಅರ್ಧ ವಾಕ್ಯ ಕೊಟ್ಟು ಮುಂದೆ ಹೋಗುತ್ತಾರೆ. ನನಗೆ ಆ ಅರ್ಧ ವಾಕ್ಯವನ್ನು ಬಿಟ್ಟು ಹೋಗಲಾಗಲಿಲ್ಲ.

ನಟ್ಟು ತಿರುಗಿಸುವ ಕೆಲಸವನ್ನು ನಾನು ಕೇಳಿಕೊಂಡೆ. ಬೆಳಿಗ್ಗೆ ಆರಕ್ಕೆ, ಹನ್ನೆರಡಕ್ಕೆ, ಸಂಜೆ ಆರಕ್ಕೆ, ಮಲಗುವ ಮುನ್ನ, ಐವತ್ತು ದಿನವೂ ಬರುತ್ತೇನೆ, ಶಾಲೆಯಿಂದ ನಡುವೆ ಅನುಮತಿ ಪಡೆಯುತ್ತೇನೆ ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: "ಬೇಡ. ಮಗಳು ಮಾಡುತ್ತಾಳೆ. ನಿಮಗೆ ವಾಸಿಯಾಗುವುದಕ್ಕೆ ನನ್ನ ಕಾಲು ಕೇಳಬೇಡಿ, ಮೇಷ್ಟ್ರೇ."

ಮನೆಗೆ ಬಂದು ನನಗೆ ಸಿಟ್ಟು ಬಂತು. ಕ್ಷಮೆ ಕೇಳಿ ಸಾಕಾಗಿದೆ, ಹಣ ಕೊಟ್ಟಿದ್ದೇನೆ, ಸೇವೆ ಮಾಡಲು ಬಂದರೆ ಬಾಗಿಲು ಹಾಕುತ್ತಾನೆ, ಇನ್ನೇನು ಮಾಡಲಿ? ಓದುಗರೇ, ಆ ಸಿಟ್ಟನ್ನು ಮುಚ್ಚಿಡದೆ ಹೇಳುವುದಕ್ಕೆ ಕಾರಣವಿದೆ. ತಪ್ಪು ಮಾಡಿದವನು ಪಡುವ ದುಃಖದಲ್ಲಿ ಎರಡು ಬಗೆಯಿದೆಯೆಂದು ನನಗೆ ತಿಳಿದದ್ದು ಆ ಸಿಟ್ಟಿನಿಂದಲೇ. ಒಂದು ದುಃಖ ಪೆಟ್ಟಾದವನ ಕಡೆ ನೋಡುತ್ತದೆ. ಇನ್ನೊಂದು ತನ್ನ ಕಡೆಯೇ ನೋಡಿಕೊಳ್ಳುತ್ತದೆ. ತನ್ನ ಭಾರ ಇಳಿಯಲಿಲ್ಲವೆಂದು ಹಲುಬುತ್ತದೆ. ನಾನು ಪ್ರತಿ ಶನಿವಾರ ಹೋಗಿ "ಕ್ಷಮಿಸು" ಎನ್ನುತ್ತಿದ್ದೆ. ಆ ಮನುಷ್ಯ ಪ್ರತಿ ಶನಿವಾರ ತನ್ನ ನೋವನ್ನು ಬದಿಗಿಟ್ಟು ನನ್ನನ್ನು ಸಮಾಧಾನಪಡಿಸಬೇಕಿತ್ತು. ಒಡೆದ ಕಾಲಿನವನ ಮೇಲೆ ನಾನು ಇನ್ನೊಂದು ಕೆಲಸ ಹೊರಿಸಿದ್ದೆ.

ಆಗಸ್ಟ್ 14ರ ಸಂಜೆ, ಮಾತೆಯ ಸ್ವರ್ಗಸ್ವೀಕಾರದ ಹಬ್ಬದ ಹಿಂದಿನ ದಿನ, ಪಾಪನಿವೇದನೆಗೆ ಹೋದೆ. ಮೊದಲ ಸಲವೇನಲ್ಲ, ಅದೇ ಪಾಪವನ್ನು ಅದಾಗಲೇ ಮೂರು ಸಲ ಹೇಳಿದ್ದೆ. ಗುರುಗಳು ಕೇಳಿಸಿಕೊಂಡರು. ಕ್ಷಮೆ ಆಗಲೇ ದೊರೆತಿದೆ, ದೇವರಿಗೆ ಮರೆವು ಉಂಟೆಂದು ಮತ್ತೆ ಮತ್ತೆ ಹೇಳುತ್ತಿದ್ದೀರಾ ಎಂದು ಮೆಲ್ಲಗೆ ಗದರಿದರು. ಆಮೇಲೆ ಕೇಳಿದರು: "ಅವನಿಗೆ ಏನು ಬೇಕೆಂದು ಕೇಳಿದ್ದೀರಾ?"

ಕೇಳಿರಲಿಲ್ಲ. ಏಳು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ. ಏನು ಕೊಡಬೇಕೆಂದು ನಾನೇ ತೀರ್ಮಾನಿಸಿದ್ದೆ. ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆಂದಾಗ ಅದು ಸರಿಯಾದ ಉತ್ತರವಾಗಿತ್ತು, ಏಕೆಂದರೆ ಅವನು ತೆಗೆದುಕೊಂಡದ್ದು ಹಣವನ್ನು. ನಾನು ತೆಗೆದುಕೊಂಡದ್ದು ಏನೆಂದು ಗೆಳೆಯನಿಗಷ್ಟೇ ಗೊತ್ತಿರಲು ಸಾಧ್ಯ.

ಹಬ್ಬದ ದಿನ ಮಧ್ಯಾಹ್ನ ಹೋದೆ. ಅವನ ಮಗಳು ಹನ್ನೆರಡು ಗಂಟೆಯ ನಟ್ಟನ್ನು ತಿರುಗಿಸುತ್ತಿದ್ದಳು. ಆಕೆಗೆ ಆಗ ಹದಿಮೂರು ವರ್ಷ. ಚಿಕ್ಕ ಸ್ಪ್ಯಾನರು ಹಿಡಿದು, ತುಟಿ ಕಚ್ಚಿಕೊಂಡು, ಒಂದೊಂದು ನಟ್ಟಿಗೂ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದಳು. ಮುಖದಲ್ಲಿ ಎಂಥದೋ ಬಿಗುವು. ಶಾಲೆಯಲ್ಲೂ ಆಕೆ ಮಂಕಾಗಿದ್ದುದನ್ನು, ನೃತ್ಯ ಬಿಟ್ಟದ್ದನ್ನು ನಾನು ಗಮನಿಸಿದ್ದೆ. ಅಪ್ಪನ ಸ್ಥಿತಿಯಿಂದ ಹಾಗಾಗಿದೆ ಎಂದುಕೊಂಡಿದ್ದೆ. ಆಕೆ ಒಳಗೆ ಹೋದ ಮೇಲೆ ಗೆಳೆಯನನ್ನು ಕೇಳಿದೆ. ನಿನಗೆ ಏನು ಬೇಕು?

ಅವನು ಯೋಚಿಸಲೇ ಇಲ್ಲ. ಉತ್ತರ ಏಳು ತಿಂಗಳಿಂದ ಅಲ್ಲೇ ಇತ್ತು. "ನಾನು ಭುಜ ತಟ್ಟಿದೆ ಅಂತ ಅವಳಿಗೆ ಹೇಳಿ."

ಆಮೇಲೆ ವಿವರಿಸಿದ. ಅಪಘಾತದ ದಿನ ಬೆಳಿಗ್ಗೆ ಮಗಳು, "ಅಪ್ಪಾ, ಬೇಗ ಬರಬೇಕು, ಎಷ್ಟು ಜೋರಾಗಿಯಾದರೂ ಬಾ" ಎಂದಿದ್ದಳಂತೆ. ಅಪ್ಪನೇ ತನಗಾಗಿ ಮೇಷ್ಟ್ರನ್ನು ಆತುರಪಡಿಸಿದನೆಂದು, ತನ್ನ ಮಾತಿನಿಂದಲೇ ಹೀಗಾಯಿತೆಂದು ಅವಳು ನಂಬಿದ್ದಳು. ಅಪ್ಪ ಎಷ್ಟು ಹೇಳಿದರೂ, ತನ್ನನ್ನು ಸಮಾಧಾನ ಮಾಡಲು ಹಾಗೆ ಹೇಳುತ್ತಾನೆಂದೇ ತಿಳಿದಳು. ಊರಿನಲ್ಲಿ ಹಬ್ಬಿದ ಕಥೆಯಲ್ಲಿ ಇದ್ದದ್ದು ನಾನು ಹೇಳಿದ ದೀಪವೊಂದೇ. ಭುಜ ತಟ್ಟಿದ್ದಕ್ಕೆ ಸಾಕ್ಷಿ ಹೇಳಬಲ್ಲವನು ಲೋಕದಲ್ಲಿ ನಾನೊಬ್ಬನೇ. ನಾನು ಹೊರದೆ ಬಿಟ್ಟ ತಪ್ಪು ರಸ್ತೆಯ ಬದಿಯಲ್ಲೇನೂ ಬಿದ್ದಿರಲಿಲ್ಲ. ಹದಿಮೂರು ವರ್ಷದ ಹುಡುಗಿಯೊಬ್ಬಳು ಅದನ್ನು ಎತ್ತಿಕೊಂಡು ದಿನಕ್ಕೆ ನಾಲ್ಕು ಸಲ, ಕಾಲು ಮಿಲಿಮೀಟರಿನಂತೆ, ತೀರಿಸುತ್ತಿದ್ದಳು.

ಹೇಳುವುದು ಸುಲಭವೆಂದು ನಿಮಗನ್ನಿಸಬಹುದು. ಅವಳು ನನ್ನ ವಿದ್ಯಾರ್ಥಿನಿ. ಪ್ರತಿ ವರ್ಷ ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಭಾಷಣ ಮಾಡುತ್ತಿದ್ದವನು ನಾನು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳ ಅಮ್ಮನ ಎದುರಿಗೇ ಹೇಳಿದೆ. ನಿನ್ನಪ್ಪ ಎರಡು ಸಲ ನಿಧಾನ ಎಂದ. ನನಗೆ ಗೊತ್ತಾಯಿತು. ನಾನು ಕೇಳಲಿಲ್ಲ. ತಡವಾದದ್ದು ನನಗೆ, ನಿನಗಾಗಿ ಅಲ್ಲ. ವೇದಿಕೆಯ ಮೇಲೆ ನಾನಿಲ್ಲದಿದ್ದರೆ ಮುಖ್ಯೋಪಾಧ್ಯಾಯರು ಏನೆಂದುಕೊಳ್ಳುತ್ತಾರೋ ಎಂಬ ಚಿಂತೆಗಾಗಿ. ಅವಳು ಅಳಲಿಲ್ಲ. ನನ್ನನ್ನು ಒಂದು ಬಗೆಯಾಗಿ ನೋಡಿದಳು. ಆ ನೋಟದಲ್ಲಿ ಕ್ಷಮೆಯಿರಲಿಲ್ಲ. ಇರಬೇಕೆಂದು ನಿರೀಕ್ಷಿಸುವ ಹಕ್ಕೂ ನನಗಿರಲಿಲ್ಲ. "ಅಪ್ಪ ನಿಜವಾಗಲೂ ತಟ್ಟಿದರಾ?" ಎಂದಷ್ಟೇ ಕೇಳಿದಳು. ತಟ್ಟಿದರು ಎಂದೆ. ಯಾವ ಭುಜ ಎಂದಳು. ಬಲಭುಜ ಎಂದೆ. ಒಳಗೆ ಹೋಗಿ ಅಪ್ಪನ ಮಂಚದ ಬಳಿ ಕುಳಿತಳು. ನಂತರ ಅವಳ ಅಮ್ಮ ಕೆಲವು ತಿಂಗಳು ನನ್ನೊಡನೆ ಮಾತಾಡಲಿಲ್ಲ.

ಆ ಟ್ರಾಕ್ಟರಿನ ಚಾಲಕನಲ್ಲಿಗೂ ಹೋದೆ. ಅಷ್ಟರಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದ. ಎಲ್ಲವನ್ನೂ ಹೇಳಿ, ದಂಡದ ಹಣವನ್ನು ಮುಂದಿಟ್ಟೆ. ಅವನು ನೋಟುಗಳನ್ನು ಎಣಿಸಿ ಅರ್ಧವನ್ನು ಹಿಂದಕ್ಕೆ ಕೊಟ್ಟ. "ದೀಪ ಇರಲಿಲ್ಲ ಅನ್ನೋದು ನಿಜ ತಾನೆ, ಸಾರ್?" ಎಂದ. ತಪ್ಪನ್ನು ಪಾಲು ಮಾಡುವುದನ್ನು ಇಷ್ಟು ಸರಿಯಾಗಿ, ಇಷ್ಟು ಬೇಗ ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪೂರ್ತಿ ತಪ್ಪೂ ನನ್ನದೇ ಎಂದು ಎದೆ ಬಡಿದುಕೊಳ್ಳುವುದರಲ್ಲೂ ಒಂದು ಅಹಂಕಾರವಿದೆಯೆಂದು ಆ ಅರ್ಧ ಹಣವನ್ನು ಜೇಬಿಗಿಟ್ಟುಕೊಳ್ಳುವಾಗ ಅನ್ನಿಸಿತು.

ಮರುವರ್ಷದ ಮೇ ತಿಂಗಳಲ್ಲಿ ಗೆಳೆಯನ ಕಾಲಿನ ಚೌಕಟ್ಟನ್ನು ತೆಗೆದರು. ಮೂಳೆ ಕೂಡಿತ್ತು. ಕಾಲು ಎರಡು ಸೆಂಟಿಮೀಟರಿನಷ್ಟು ಗಿಡ್ಡ. ಬಲಗಡೆಯ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿದ್ದಾನೆ. ಮೊಣಕಾಲು ಪೂರ್ತಿ ಮಡಚುವುದಿಲ್ಲ. ಸಾರುವೆ ಹತ್ತಲಾರ, ಆದ್ದರಿಂದ ಈಗ ಸಣ್ಣಪುಟ್ಟ ಕೆಲಸಗಳನ್ನು ಗುತ್ತಿಗೆಗೆ ಹಿಡಿದು ಬೇರೆಯವರಿಂದ ಮಾಡಿಸುತ್ತಾನೆ. ಅವರು ಕಟ್ಟಿದ ಗೋಡೆಯನ್ನು ಕೆಳಗಿನಿಂದ ನೋಡಿಯೇ ಎಲ್ಲಿ ಸೊಟ್ಟಗಿದೆಯೆಂದು ಹೇಳಬಲ್ಲ, ಆದರೆ ತಾನೇ ಹತ್ತಿ ಸರಿಮಾಡಲಾರ. ಅದು ಅವನಿಗೆ ಎಷ್ಟು ಕಷ್ಟವೆಂದು ಅವನ ಕೈಬೆರಳುಗಳನ್ನು ನೋಡಿದರೆ ತಿಳಿಯುತ್ತದೆ. 'ಪೂರ್ತಿ ಗುಣವಾಗುವಂತೆ' ಎಂಬ ಆ ಹಳೆಯ ಕಟ್ಟಳೆಯ ಮಾತು ನಮ್ಮ ಪಾಲಿಗೆ ಈಡೇರಲಿಲ್ಲ. ಈಡೇರುವುದೂ ಇಲ್ಲ. ಆ ಬಾಕಿ ಹಾಗೆಯೇ ಇರುತ್ತದೆ. ಅದನ್ನಿಟ್ಟುಕೊಂಡೇ ನಾನು ಮೆಟ್ಟಿಲು ಹತ್ತುತ್ತೇನೆ, ಮಕ್ಕಳೊಡನೆ ಆಡುತ್ತೇನೆ, ಹಬ್ಬದ ಮೆರವಣಿಗೆಯಲ್ಲಿ ನಡೆಯುತ್ತೇನೆ. ಅವನ ಎದುರು ಕುಂಟುವುದನ್ನು ಬಿಟ್ಟಿದ್ದೇನೆ. ನಾನು ನೆಟ್ಟಗೆ ನಡೆದು ಬರುವುದನ್ನು ನೋಡಿ ಅವನ ಮುಖದಲ್ಲಿ ಕೆಲವೊಮ್ಮೆ ಏನೋ ಹಾದುಹೋಗುತ್ತದೆ. ಅದನ್ನು ನೋಡುವುದೂ ನನ್ನ ಪಾಲಿನದೇ.

ಅವನ ಮಗಳು ಮುಂದಿನ ವರ್ಷ ಮತ್ತೆ ವಾರ್ಷಿಕೋತ್ಸವದಲ್ಲಿ ಕುಣಿದಳು. ಈಗ ಪದವಿ ಮುಗಿಸಿದ್ದಾಳೆ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಎನ್ನುತ್ತಾಳೆ, ನಿಂತು ಮಾತಾಡುವುದಿಲ್ಲ.

ಗೆಳೆಯನೊಡನೆ ಒಟ್ಟಿಗೆ ಎಲ್ಲಿಗಾದರೂ ಹೋಗಬೇಕಾದರೆ ಅವನು ಬಸ್ಸಿಗೆ ಬರುತ್ತಾನೆ. ಮೊದಮೊದಲು ನಾನು ಬೈಕು ತರುತ್ತೇನೆ, ಎರಡು ಹೆಲ್ಮೆಟ್ ತರುತ್ತೇನೆ ಎನ್ನುತ್ತಿದ್ದೆ. ಈಗ ಕೇಳುವುದಿಲ್ಲ. ಹೊರಡುವ ಹೊತ್ತಿಗಿಂತ ಸ್ವಲ್ಪ ಮುಂಚೆ ಹೋಗಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಅವನಿಗೊಂದು ಜಾಗ ಹಿಡಿದು ಕೂರುತ್ತೇನೆ.